ಫಿಜಿಯಲ್ಲಿ ‘ಮಾರ್ಲಿನ್ ಟ್ರಿಪ್’ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಆಕ್ಲೆಂಡ್, ಸಿಡ್ನಿ, ಬ್ರಿಸ್ಬೇನ್ ಕಡೆಯಿಂದ ರಜೆಗೆ ಫಿಜಿಗೆ ಹೊರಡುವ ಕನ್ನಡದವರೇ, ದಯವಿಟ್ಟು ಕೇಳಿ. ‘ಡೆನಾರೌ ಬಂದರಿನಿಂದ ಫುಲ್ ಡೇ ಗೇಮ್ ಫಿಶಿಂಗ್, ಮಾರ್ಲಿನ್ ಗ್ಯಾರಂಟಿ’ ಅಂತ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಮುಂಗಡ ಕೇಳುವವರು ಸಿಕ್ಕರೆ ಅಲ್ಲಿಂದಲೇ ಕೈ ಮುಗಿದುಬಿಡಿ. ಮಾರ್ಲಿನ್ ಅಂದರೆ ಈಟಿಯಂಥ ಮೂತಿಯ ಭಾರಿ ಮೀನು, ಅದಕ್ಕೆ ಗ್ಯಾರಂಟಿ ಕೊಡುವ ನೆಟ್ಟಗಿನ ಸ್ಕಿಪ್ಪರ್ (ದೋಣಿ ನಡೆಸುವವನು) ಪೆಸಿಫಿಕ್‌ನಲ್ಲಿ ಎಲ್ಲೂ ಇಲ್ಲ. ಹವಾಯಿಯ ಕೋನಾದಲ್ಲಿ 1982ರಲ್ಲಿ 624 ಕಿಲೋ ತೂಗಿದ ನೀಲಿ ಮಾರ್ಲಿನ್ ಸಿಕ್ಕಿದೆ, ಅಲ್ಲಿನವರೂ ಗ್ಯಾರಂಟಿ ಅನ್ನೋ ಮಾತು ಬಾಯಿಗೆ ತರಲ್ಲ. ಅದೂ ನಮ್ಮಿಂದ ಹೀಗೆ ದುಡ್ಡು ಇಸಕೊಂಡ ಏಜೆಂಟ್ ಗ್ಯಾರಂಟಿ ಕೊಟ್ಟಿದ್ದು ಆಗಸ್ಟ್‌ಗೆ! ಫಿಜಿಯಲ್ಲಿ ಮಾರ್ಲಿನ್ ಹೆಚ್ಚಾಗಿ ಬಿಸಿ ತಿಂಗಳುಗಳದ್ದು, ಅಂದರೆ ಚಂಡಮಾರುತದ ಕಾಲದ್ದು. ತಂಪು ತಿಂಗಳಲ್ಲಿ ಸಿಗೋದು ಮುಖ್ಯವಾಗಿ ವಾಹೂ, ಮಾಹಿ ಮಾಹಿ ಅನ್ನೋ ಬೇರೆ ಮೀನುಗಳು.

ಮೊದಲು ದೋಣಿ ವಿಷಯ. ಫೋಟೊದಲ್ಲಿದ್ದದ್ದು 36 ಅಡಿಯ ಎರಡಂತಸ್ತಿನ ದೋಣಿ. ಎರಡೂ ಬದಿಗೆ ಉದ್ದನೆ ಔಟ್‌ರಿಗ್ಗರ್ ಕೋಲುಗಳು, ಮಧ್ಯದಲ್ಲಿ ದೊಡ್ಡ ಮೀನಿನ ಜೊತೆ ಸೆಣಸೋಕೆ ಕೂರುವ ಫೈಟಿಂಗ್ ಚೇರ್, ಸಾಲಾಗಿ ಬಂಗಾರ ಬಣ್ಣದ ದೊಡ್ಡ ರೀಲ್‌ಗಳು. ಜೆಟ್ಟಿಗೆ ಬಂದು ನಿಂತದ್ದು 26 ಅಡಿಯ ತೆರೆದ ದೋಣಿ, ಹಿಂದೆ ಎರಡು ಔಟ್‌ಬೋರ್ಡ್. ಔಟ್‌ರಿಗ್ಗರ್ ಇಲ್ಲ, ಚೇರ್ ಇಲ್ಲ, ನಾಲ್ಕು ರಾಡ್ ಸಿಗಿಸುವ ತೂತು, ರಾಡ್ ಊರಿಕೊಳ್ಳೋಕೆ ಒಂದು ಸೊಂಟದ ಬೆಲ್ಟ್. ಲೈಫ್ ಜಾಕೆಟ್ ಇದ್ದವು, ಆದರೆ ಮಕ್ಕಳ ಅಳತೆಯದ್ದು ಒಂದೂ ಇಲ್ಲ. ಜೊತೆಗೆ ಮಕ್ಕಳಿದ್ದಾರೆ ಅಂತ ಬುಕಿಂಗ್‌ನಲ್ಲೇ ಬರೆದಿತ್ತು. ಕೇಳಿದರೆ ಏಜೆಂಟ್ ಫೋನಲ್ಲಿ ನಗುತ್ತಾ, ‘ಬ್ರದರ್, ಕೆಳಗೆ ಬರೆದಿದೆ ನೋಡಿ, ಅಥವಾ ಅಂಥದ್ದೇ ಬೇರೆ ದೋಣಿ ಅಂತ.’ ಅಂಥದ್ದೇ! ಔಟ್‌ರಿಗ್ಗರ್ ಇಲ್ಲದಿದ್ದರೆ ಐದು ಲೂರ್ (ಮೀನನ್ನು ಸೆಳೆಯುವ ನಕಲಿ ಆಹಾರ) ಹರಡಿ ಎಳೆಯೋಕೇ ಆಗಲ್ಲ, ತಿರುವಿನಲ್ಲಿ ಲೈನ್‌ಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅದು ‘ಅಂಥದ್ದೇ’ ದೋಣಿ ಅಂತೆ.

ಆಮೇಲೆ ಗೊತ್ತಾದ ಸಂಗತಿ: ಆ ಏಜೆಂಟ್‌ಗೆ ದೋಣಿಯೇ ಇಲ್ಲ. ಗಿರಾಕಿಯಿಂದ 2,800 ಫಿಜಿ ಡಾಲರ್ ತಗೊಂಡು, ಆವತ್ತು ಬಿಡುವಾಗಿರೋ ಯಾವುದೋ ದೋಣಿಯವನಿಗೆ ಅದರ ಅರ್ಧದಷ್ಟು ಕೊಟ್ಟು ಕಳಿಸೋದು. ಡೀಸೆಲ್ಲೋ ಪೆಟ್ರೋಲೋ ದೋಣಿಯವನ ತಲೆ ಮೇಲೆ. ಇದೊಂದು ತಿಳಿದರೆ ಉಳಿದಿದ್ದೆಲ್ಲ ತಾನಾಗೇ ಅರ್ಥವಾಗುತ್ತೆ. ದೋಣಿಯವನು ಇಡೀ ದಿನ ಮಾಡೋದು ಒಂದೇ ಕೆಲಸ, ಇಂಧನ ಉಳಿಸೋದು.

ಒಟ್ಟು ಎಂಟು ತಾಸು ಅಂತ ಮಾತಾಗಿತ್ತು. ಏಳಕ್ಕೆ ಬನ್ನಿ ಅಂದರು, ಏಳಕ್ಕೇ ಗಡಿಯಾರ ಶುರು. ಇಂಧನ ತುಂಬಿಸೋದು ನಾವು ಹತ್ತಿದ ಮೇಲೆ. ಐಸ್ ತರೋದು ಆಮೇಲೆ. ಪಕ್ಕದ ದ್ವೀಪದ ರೆಸಾರ್ಟ್‌ಗೆ ಯಾರದೋ ಎರಡು ಪೆಟ್ಟಿಗೆ ತಲುಪಿಸೋದು ನಮ್ಮ ದುಡ್ಡಿನಲ್ಲಿ, ನಮ್ಮ ಸಮಯದಲ್ಲಿ! ಹಿಂದಿರುಗುವ ಹಾದಿಯೂ ಆ ಎಂಟು ತಾಸಿನೊಳಗೇ. ಲೈನ್ ನೀರಲ್ಲಿದ್ದ ಹೊತ್ತು ನಾಲ್ಕು ಗಂಟೆ ಚಿಲ್ಲರೆ. ಫುಲ್ ಡೇ ದುಡ್ಡಿಗೆ ಹಾಫ್ ಡೇ.

ಇನ್ನು ಜಾಗ. ಇದೇ ದೊಡ್ಡ ಮೋಸ. ಮಾರ್ಲಿನ್, ವಾಹೂ, ಟ್ಯೂನಾ ಬೇಕಿದ್ದರೆ ಮಲೋಲೋ ಹವಳದ ಬಂಡೆಸಾಲು ದಾಟಿ ಹೊರಕ್ಕೆ ಹೋಗಬೇಕು. ನವುಲಾ ಪ್ಯಾಸೇಜ್‌ನಂಥ ಕಡೆ ಬಂಡೆಗಳ ನಡುವಿನ ದಾರಿ ಹಿಡಿದು ಆಚೆ ಹೋದರೆ ತಳ ಧಡಕ್ಕನೆ ನೂರಾರು ಮೀಟರ್ ಇಳಿಯುತ್ತೆ, ನೀರಿನ ಬಣ್ಣವೇ ಬೇರೆಯಾಗುತ್ತೆ. ಆ ಇಳಿಜಾರಿನ ಅಂಚಲ್ಲಿ, ಹಕ್ಕಿ ಎರಗುವ ಕಡೆ, ಮೀನು ಸೇರಲಿ ಅಂತ ಲಂಗರು ಹಾಕಿ ತೇಲಿಬಿಟ್ಟ ಫ್ಯಾಡ್‌ಗಳ ಸುತ್ತ ಎಳೆದರೆ ಅದು ಗೇಮ್ ಫಿಶಿಂಗ್. ನಮ್ಮ ದೋಣಿ ಬಂಡೆಸಾಲಿನ ಒಳಗೇ ಗಾಣದೆತ್ತಿನ ಥರ ಸುತ್ತುತ್ತಿತ್ತು. ಆಳ ತೋರಿಸುವ ಯಂತ್ರದಲ್ಲಿ 30 ಮೀಟರ್, 35 ಮೀಟರ್, ಮತ್ತೆ 30. ಫೋನಿನ ಜಿಪಿಎಸ್‌ನಲ್ಲಿ ವೇಗ ಗಂಟೆಗೆ 9 ಕಿಲೋಮೀಟರ್, ಅಂದರೆ ಐದು ನಾಟ್. ಮಾರ್ಲಿನ್‌ಗೆ ಸ್ಕರ್ಟ್ ಲೂರ್ ಎಳೆಯೋದು ಏಳರಿಂದ ಒಂಬತ್ತು ನಾಟ್‌ನಲ್ಲಿ. ವಾಹೂಗೆ ಅದಕ್ಕಿಂತ ಜೋರಾಗಿಯೂ ಎಳೆಯುತ್ತಾರೆ. ಐದು ನಾಟ್, ಮುಂದೆ ನಾಲಗೆಯಿರುವ ಪ್ಲಾಸ್ಟಿಕ್ ಮಿನ್ನೋ ಲೂರ್ ಅಂದರೆ ಅದು ವಾಲು ಮತ್ತು ಬರಾಕುಡಾ ಹಿಡಿಯುವ ಲೆಕ್ಕ. ವಾಲು ಅಂದರೆ ನಮ್ಮ ಮಂಗಳೂರಿನ ಅಂಜಲ್ಲೇ. ಒಳ್ಳೆ ಮೀನು, ಇಲ್ಲ ಅನ್ನಲ್ಲ. ಆದರೆ ಅಂಜಲ್‌ಗೆ 2,800 ಡಾಲರ್ ಯಾರು ಕೊಡ್ತಾರೆ?

ಹೊರಗೆ ಹೋಗೋಣ ಅಂದರೆ, ‘ಸ್ವೆಲ್ ಜಾಸ್ತಿ ಇದೆ ಬ್ರದರ್, ಸೇಫ್ಟಿ ಮೊದಲು.’ ಆಗಸ್ಟ್‌ನಲ್ಲಿ ದಕ್ಷಿಣದ ಕಡೆಯಿಂದ ದೊಡ್ಡ ಅಲೆ ಬರೋದು ನಿಜ, ಅಲ್ಲಿನ ಕ್ಲೌಡ್‌ಬ್ರೇಕ್ ಅನ್ನೋ ಅಲೆಯ ತಾಣಕ್ಕೆ ಜಗತ್ತಿನ ಸರ್ಫರ್‌ಗಳು ಬರೋದೇ ಅದಕ್ಕೆ. ಆದರೆ ಅಲೆ ಒಡೆಯೋದು ಬಂಡೆಯ ಮೇಲೆ. ಪ್ಯಾಸೇಜ್ ದಾಟಿ ಆಳಕ್ಕೆ ಹೋದರೆ ಅದು ಬರೀ ಏರಿಳಿತ. ಅಪಾಯ ತರೋದು ಗಾಳಿ, ಆವತ್ತು ಗಾಳಿ ಹತ್ತು ನಾಟ್ ಇತ್ತೋ ಇಲ್ಲವೋ. ನಮ್ಮ ಕಣ್ಣೆದುರೇ ಬೇರೆ ದೋಣಿಗಳು ಪ್ಯಾಸೇಜ್ ದಾಟಿ ಹೋದವು. ನಿಜವಾಗಿ ಹವೆ ಕೆಟ್ಟಿದ್ದರೆ ಟ್ರಿಪ್ ರದ್ದು ಮಾಡಿ ದುಡ್ಡು ವಾಪಸ್ ಕೊಡಬೇಕಿತ್ತು. ದುಡ್ಡು ಇಸಕೊಳ್ಳೋವಾಗ ಹವೆ ಚೆನ್ನಾಗಿತ್ತು, ಬಂಡೆ ದಾಟೋವಾಗ ಕೆಟ್ಟುಹೋಯಿತು!

ಅಷ್ಟರಲ್ಲಿ ಲೂರ್‌ಗೆ ಮೀನಿನದೊಂದು ಹೊಡೆತ ಬಿತ್ತು. ಒಳ್ಳೆ ಹೊಡೆತ. ಒಂದು ಪ್ಯಾಸೇಜಿನ ಬಾಯಿ ಹತ್ತಿರ ತಿರುಗುವಾಗ. ರೀಲ್ ಕಿರುಚಬೇಕಿತ್ತು, ಕಿರುಚಲಿಲ್ಲ, ರಾಡ್ ಬಗ್ಗಿತು, ಲೈನ್ ಟಪ್ ಅಂತ ಹೋಯಿತು. ಯಾಕೆ ಅಂದರೆ ಡ್ರ್ಯಾಗ್, ಅಂದರೆ ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ರೀಲಿನ ಬ್ರೇಕ್, ಹಿಡಿದುಕೊಂಡಿತ್ತು. ಲಿವರ್ ಹಿಂದಕ್ಕೆ ಬಿಡದೆ ಬಿಗಿಯಾಗೇ ಇಟ್ಟು, ಉಪ್ಪು ತೊಳೆಯದೆ ಬಿಟ್ಟರೆ ಒಳಗಿನ ವಾಷರ್‌ಗಳು ಅಂಟಿಕೊಳ್ಳುತ್ತವೆ. ಸ್ಟ್ರೈಕ್ ಡ್ರ್ಯಾಗ್ ಲೈನಿನ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿರಬೇಕು. 24 ಕಿಲೋ ಲೈನ್‌ಗೆ ಆರರಿಂದ ಎಂಟು ಕಿಲೋ, ಸ್ಪ್ರಿಂಗ್ ತಕ್ಕಡಿ ಹಾಕಿ ಎಳೆದು ಅಳೀಬೇಕು. ಉಳಿದ ರೀಲ್ ಕೈಯಲ್ಲಿ ಎಳೆದು ನೋಡಿದರೆ ಒಂದು ಕಲ್ಲಿನ ಹಾಗೆ ಕೂತಿದೆ, ಇನ್ನೊಂದು ಜರ್ಕ್ ಹೊಡೀತಾ ಬಿಡ್ತಿದೆ. ಕೊಕ್ಕೆಯ ಮೊನೆ ಉಗುರಿನ ಮೇಲೆ ಇಟ್ಟರೆ ಜಾರುತ್ತೆ, ಕಚ್ಚಲ್ಲ. ವಾಹೂ ಹಲ್ಲಿಗೆ ವಯರ್ ಲೀಡರ್, ಅಂದರೆ ಕೊಕ್ಕೆಗೆ ಕಟ್ಟುವ ತಂತಿಯ ತುದಿ, ಬೇಕು, ಒಂದಕ್ಕೂ ವಯರ್ ಇಲ್ಲ, ಎಲ್ಲ ನೈಲಾನಿನ ಮೋನೋ, ಅದೂ ಗೀರು ಬಿದ್ದದ್ದು.

ಇಷ್ಟಾದ ಮೇಲೆ ಸ್ಕಿಪ್ಪರ್ ಏನಂದ ಗೊತ್ತಾ? ‘ಲೂರ್ ಹೋಯಿತಲ್ಲ, 150 ಡಾಲರ್ ಕೊಡಬೇಕಾಗುತ್ತೆ.’ ಅವನ ತುಕ್ಕು ಹಿಡಿದ ರೀಲ್, ಅವನ ಗೀರು ಬಿದ್ದ ಲೀಡರ್, ಹೋದ ಲೂರ್‌ಗೆ ದುಡ್ಡು ನಮ್ಮದು! ಇದು ನೆನಪಾದರೆ ಈಗಲೂ ಮೈ ಉರಿಯುತ್ತೆ. ಮಕ್ಕಳೆದುರು, ಜೊತೆಗೆ ಬಂದ ಸ್ನೇಹಿತರೆದುರು ಜೇಬಿಂದ ತೆಗೆದು ಕೊಡುವಾಗ ತಲೆ ಎತ್ತೋಕಾಗಲಿಲ್ಲ. ಕೊಡದಿದ್ದರೆ ದೋಣಿ ತಿರುಗಿಸೋ ಮಾತು ಬರ್ತಿತ್ತು.

ಕೊನೆಗೆ ಸಿಕ್ಕದ್ದು ಒಂದು ವಾಲು, ಒಂದು ಬರಾಕುಡಾ. ಆಮೇಲೆ ಲಂಗರು ಹಾಕಿ ತಳಕ್ಕೆ ಗಾಳ ಬಿಟ್ಟಾಗ ಒಂದು ದೋನು, ಕೆಂಪಗೆ ಚುಕ್ಕಿ ಚುಕ್ಕಿಯ ಕೋರಲ್ ಟ್ರೌಟ್. ಫಿಜಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಕವಕವ (ಬಂಡೆಯ ಗ್ರೂಪರ್ ಮೀನು) ಮತ್ತು ದೋನು ಹಿಡಿಯೋದು, ಮಾರೋದು ನಿಷೇಧ, ಅವು ಮೊಟ್ಟೆಯಿಡಲು ಸೇರುವ ಕಾಲ ಅದು. ಆಗಸ್ಟ್‌ನಲ್ಲಿ ಸಿಕ್ಕಿದ್ದನ್ನು ನೀರಿಗೆ ಬಿಡಬೇಕಿತ್ತು. ಬಿಡಿ ಅಂತ ಹೇಳಿದರೂ ಸ್ಕಿಪ್ಪರ್ ಐಸ್ ಪೆಟ್ಟಿಗೆಗೆ ಹಾಕಿ ಮುಚ್ಚಿದ. ವಾಲು ‘ದೋಣಿಯ ಪದ್ಧತಿ ಪ್ರಕಾರ’ ಅವನಿಗೆ. ನಮಗೆ ಉದಾರವಾಗಿ ಬರಾಕುಡಾ!

ಇಲ್ಲಿ ಸ್ವಲ್ಪ ನಿಲ್ಲಿ, ಇದು ದುಡ್ಡಿನ ವಿಷಯ ಅಲ್ಲ. ಹವಳದ ಬಂಡೆಯ ದೊಡ್ಡ ಬರಾಕುಡಾದಲ್ಲಿ ಸಿಗ್ವಾಟೆರಾ ವಿಷ ಇರಬಹುದು. ಬಂಡೆ ಮೇಲಿನ ಸೂಕ್ಷ್ಮ ಪಾಚಿಯಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಸೇರುತ್ತಾ ಹೋಗುವ ವಿಷ. ವಾಸನೆ ಇಲ್ಲ, ರುಚಿ ಇಲ್ಲ, ಎಷ್ಟು ಬೇಯಿಸಿದರೂ ಹುರಿದರೂ ಫ್ರೀಜ್ ಮಾಡಿದರೂ ಹೋಗಲ್ಲ. ವಾಂತಿ ಭೇದಿ, ಆಮೇಲೆ ತುಟಿ, ಕೈಕಾಲು ಜುಮುಜುಮು, ತಣ್ಣಗಿನದ್ದು ಮುಟ್ಟಿದರೆ ಸುಟ್ಟ ಹಾಗೆ. ಕೆಲವರಿಗೆ ವಾರಗಟ್ಟಲೆ ಬಿಡಲ್ಲ. ದೋಣಿಯ ಡೆಕ್ ಹುಡುಗ ಪಾಪ, ಸ್ಕಿಪ್ಪರ್ ಆಚೆ ತಿರುಗಿದಾಗ ಮೆಲ್ಲಗೆ, ‘ಅಂಕಲ್, ಅದನ್ನ ತಿನ್ನಬೇಡಿ, ಮಕ್ಕಳಿಗಂತೂ ಬೇಡ’ ಅಂದ. ಏಜೆಂಟ್ ಅರ್ಧಕ್ಕರ್ಧ ನುಂಗುತ್ತಾನೆ ಅನ್ನೋದೂ ಅವನ ಬಾಯಿಂದಲೇ ಬಂದದ್ದು. ಅವನೊಬ್ಬನೇ ಆ ದೋಣಿಯಲ್ಲಿ ಕೆಲಸ ಗೊತ್ತಿದ್ದವನು, ಮರ್ಯಾದೆ ಗೊತ್ತಿದ್ದವನು.

ಸಂಜೆ ಏಜೆಂಟ್‌ಗೆ ಜಿಪಿಎಸ್ ನಕ್ಷೆ ಸಮೇತ ಕಳಿಸಿದೆವು. ಉತ್ತರ: ‘ಬುಲಾ ಬ್ರದರ್! ಇದಕ್ಕೆ ಫಿಶಿಂಗ್ ಅಂತಾರೆ, ಕ್ಯಾಚಿಂಗ್ ಅಂತಲ್ಲ 😊’ ಮೀನು ಸಿಗಲಿಲ್ಲ ಅನ್ನೋದು ನಮ್ಮ ದೂರೇ ಅಲ್ಲ ಮಾರಾಯ್ರೇ! ಹೊರಗಿನ ಸಮುದ್ರದಲ್ಲಿ ಇಡೀ ದಿನ ಎಳೆದು ಬರಿಗೈಯಲ್ಲಿ ಬಂದಿದ್ದರೆ ಒಂದು ಮಾತೂ ಬರ್ತಿರಲಿಲ್ಲ. ಅದನ್ನೇ ಬರೆದೆವು. ‘ಹವೆ ದೇವರ ಕೈಲಿದೆ.’ ಬೇರೆ ದೋಣಿಗಳು ಹೋಗಿದ್ದವಲ್ಲ ಅಂದರೆ, ‘ಅವರ ಸ್ಕಿಪ್ಪರ್ ರಿಸ್ಕ್ ತಗೋತಾರೆ, ನಮ್ಮವರು ಫ್ಯಾಮಿಲಿ ನೋಡಿ ನಿಧಾನ.’ ಮಕ್ಕಳ ಜಾಕೆಟ್ ಇಲ್ಲದ ದೋಣಿ ಕಳಿಸಿದವನ ಮಾತಿದು. ‘ಗ್ಯಾರಂಟಿ ಅಂದಿರಲ್ಲ?’ ಅಂದಾಗ, ‘ಸರ್ವಿಸ್‌ಗೆ ಗ್ಯಾರಂಟಿ, ಮೀನಿಗಲ್ಲ.’ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಎರಡು ನೀಲಿ ಗೆರೆ, ಉತ್ತರ ಇಲ್ಲ. ಮರುದಿನ, ‘ಮುಂದಿನ ಸಲ 20 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀನಿ, ಒಂದು ಫೈವ್ ಸ್ಟಾರ್ ಹಾಕಿಬಿಡಿ.’ ಅದಾದ ಮೇಲೆ ಬ್ಲಾಕ್.

ಬ್ಯಾಂಕ್‌ಗೆ ಹೇಳಿಯೂ ಉಪಯೋಗ ಇಲ್ಲ. ಮುಂಗಡ ಅವನು ಇಸಕೊಂಡದ್ದು ನೇರ ಖಾತೆಗೆ, ಉಳಿದದ್ದು ‘ಕಾರ್ಡ್ ಮಷಿನ್ ಕೆಟ್ಟಿದೆ’ ಅಂತ ನಗದು. ಕಾರ್ಡ್‌ನಲ್ಲಿ ಹೋಗಿದ್ದರೆ ಬ್ಯಾಂಕ್ ಮೂಲಕ ಜಗಳ ಆಡಬಹುದಿತ್ತು. ಮಷಿನ್ ಯಾಕೆ ಯಾವಾಗಲೂ ಕೆಟ್ಟಿರುತ್ತೆ ಅಂತ ಈಗ ಅರ್ಥ ಆಗ್ತಿದೆ.

ಹೋಗಲೇಬೇಕು ಅನ್ನುವವರು ಏಜೆಂಟ್ ಬಿಟ್ಟು ಜೆಟ್ಟಿಗೆ ಹೋಗಿ ದೋಣಿಯ ಮಾಲೀಕನನ್ನೇ ಮಾತಾಡಿಸಿ. ದೋಣಿಯ ಹೆಸರು, ಎಷ್ಟು ಜನಕ್ಕೆ ಪರವಾನಗಿ, ಫಿಜಿಯ ಮ್ಯಾರಿಟೈಮ್ ಸೇಫ್ಟಿ ಅಥಾರಿಟಿಯ ನೋಂದಣಿ ಕೇಳಿ ನೋಡಿ. ಮುಖ ಸಿಂಡರಿಸಿದರೆ ಮುಂದಿನ ದೋಣಿಗೆ ನಡೀರಿ. ಬಂಡೆಸಾಲಿನ ಹೊರಗೋ ಒಳಗೋ, ಲೈನ್ ನೀರಲ್ಲಿ ಎಷ್ಟು ಗಂಟೆ, ಹೊರಗೆ ಹೋಗೋಕಾಗದಿದ್ದರೆ ದುಡ್ಡು ವಾಪಸ್ಸೋ ಇಲ್ಲವೋ, ಹೋದ ಲೂರ್ ಯಾರ ಲೆಕ್ಕ, ಮೀನು ಯಾರದ್ದು, ಇಷ್ಟನ್ನೂ ಬರಹದಲ್ಲಿ ತಗೊಳ್ಳಿ. ಮೀನು ದೋಣಿಗೇ ಅನ್ನೋ ಪದ್ಧತಿ ಹವಾಯಿಯಲ್ಲಂತೂ ಮಾಮೂಲು, ಮೋಸವೇನಲ್ಲ, ಆದರೆ ಮೊದಲೇ ಹೇಳಬೇಕು. ಹೊರಡುವ ಮುಂಚೆ ಪ್ರತಿ ರೀಲಿನ ಲೈನ್ ಒಂದು ಮೀಟರ್ ಕೈಯಲ್ಲಿ ಎಳೆದು ನೋಡಿ. ಫೋನ್‌ನಲ್ಲಿ ಜಿಪಿಎಸ್ ದಾಖಲೆ ಆನ್ ಮಾಡಿಡಿ, ಅದಕ್ಕೆ ನೆಟ್‌ವರ್ಕ್ ಬೇಡ. ಟಿಪ್ಸ್ ಕೊಡೋದಿದ್ದರೆ ಡೆಕ್ ಹುಡುಗನ ಕೈಗೇ ಕೊಡಿ. ಬಿಲ್‌ನಲ್ಲಿ ‘ಸಿಬ್ಬಂದಿ ಶುಲ್ಕ’ ಅಂತ ಸೇರಿಸಿ ಏಜೆಂಟ್ ಇಸಕೊಂಡದ್ದರಲ್ಲಿ ಆ ಹುಡುಗನಿಗೆ ಒಂದು ಡಾಲರೂ ಹೋಗಿರಲಿಲ್ಲ.