ಗೇರ್ ಒದೆಯುತ್ತಿದೆಯಾ? ಆಪ್, ಸರ್ವಿಸ್ ಸೆಂಟರ್, ಗ್ಯಾರೇಜ್: ಮೂರೂ ನೋಡಿದ್ದಾಯ್ತು
ನಮ್ಮ ಕಾರಿಗೆ 9 ವರ್ಷ. 4 ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಇರೋ ಆಟೊಮ್ಯಾಟಿಕ್. ಕಳೆದ ಮಳೆಗಾಲದಲ್ಲಿ ಎರಡು ತೊಂದರೆ ಶುರುವಾದವು. ನಿಂತ ಕಾರನ್ನು ಡಿಗೆ (ಮುಂದೆ ಓಡಿಸೋ ಗೇರಿಗೆ) ಹಾಕಿದರೆ ಧಡ್ ಅನ್ನೋದು. ಓಡುವಾಗ 2ರಿಂದ 3ಕ್ಕೆ ಹೋಗೋ ಹೊತ್ತಿಗೆ ಎಂಜಿನ್ ಸುಮ್ನೆ ಕಿರುಚಿ, ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಗೇರ್ ಬೀಳೋದು. ಎರಡಕ್ಕೂ ಕಾರಣ ಒಂದೇ ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ.

ಮೊದಲು 900 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತಂದು ಸ್ಟೇರಿಂಗ್ ಕೆಳಗೆ ಸಿಕ್ಕಿಸಿದೆ. ಫೋನಿನ ಆಪ್‌ನಲ್ಲಿ ಪಿ0700 ಅಂತ ಬಂತು. ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ದೂರು ಬರೆದಿಟ್ಟಿದೆ ಅಂತ ಮಾತ್ರ ಅದರ ಅರ್ಥ. ಆ ದೂರು ಏನು ಅಂತ ಓದೋಕೆ ನನ್ನ ಆಪ್‌ಗೆ ಆಗಲಿಲ್ಲ. ಆದರೆ ಐಡಲ್ ಆರ್‌ಪಿಎಂ (ಕಾರು ನಿಂತಾಗ ಎಂಜಿನ್ ತಿರುಗೋ ವೇಗ) ಸರಿಯಿದೆ, ಎಂಜಿನ್ ಮಿಸ್ ಹೊಡೀತಿಲ್ಲ ಅನ್ನೋದು ಗೊತ್ತಾಯ್ತು. ಇವೆರಡು ಕೆಟ್ಟರೂ ಗೇರ್ ಜರ್ಕ್ ಹೊಡೆಯುತ್ತೆ. ಹಾಗಾಗಿ 900 ದಂಡ ಅನ್ನಲಾರೆ.

ಸರ್ವಿಸ್ ಸೆಂಟರಿನ ಸ್ಕ್ಯಾನರ್ ಒಳಗಿನ ಕೋಡನ್ನೇ ತೆಗೀತು: ಪಿ0733. ಅಂದರೆ 3ನೇ ಗೇರಿನ ಅನುಪಾತ ಸರಿಯಿಲ್ಲ, ಎಲ್ಲೋ ಜಾರ್ತಿದೆ. ಯಂತ್ರ ಹೇಳಿದ್ದು ನಿಜ. ಆದರೆ ಯಾಕೆ ಜಾರ್ತಿದೆ ಅಂತ ಯಾರೂ ಕಾರಿನ ಕೆಳಗೆ ಬಗ್ಗಿ ನೋಡಲಿಲ್ಲ. ಗೇರ್‌ಬಾಕ್ಸ್ ಬದಲಿಸಿ ಅಂದರು, 1.4 ಲಕ್ಷ. ಸ್ಕ್ಯಾನಿಗೆ 1,200 ಕೊಟ್ಟು ಮನೆಗೆ ಬಂದೆ.

ಮೂರನೆಯದು, ಆಟೊಮ್ಯಾಟಿಕ್ ಕೆಲಸವನ್ನೇ ಮಾಡೋ ಒಂದು ಸಣ್ಣ ಗ್ಯಾರೇಜ್. ಅಲ್ಲಿನ ಮೇಸ್ತ್ರಿ ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. ಒಂದು ರೌಂಡ್ ಓಡಿಸಿ ಬಿಸಿ ಮಾಡಿದರು. ಎಂಜಿನ್ ಆನ್ ಇಟ್ಟೇ, ಲಿವರನ್ನು ಎಲ್ಲಾ ಗೇರಿಗೂ ಒಮ್ಮೆ ಓಡಾಡಿಸಿ, ಪಿಗೆ (ಪಾರ್ಕಿಂಗಿಗೆ) ತಂದು, ಗೇರ್ ಆಯಿಲ್ ಅಳೆಯೋ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದರು. ಆಯಿಲ್ ಕೆಳಗಿನ ಗೆರೆಗೂ ತಾಗಿರಲಿಲ್ಲ. ಬಣ್ಣ ಕಂದು, ಆದರೆ ಸುಟ್ಟ ವಾಸನೆ ಇಲ್ಲ. “ಬದುಕಿದ್ರಿ ಸಾರ್” ಅಂದರು. ಕೆಳಗೆ ನೋಡಿದರೆ ಎಡಗಡೆ ಆಕ್ಸಲ್‌ನ ಆಯಿಲ್ ಸೀಲ್ ಒಸರ್ತಾ ಇತ್ತು. ಆಯಿಲ್ ಕಮ್ಮಿಯಾದರೆ ಒತ್ತಡ ಸಾಲಲ್ಲ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರುತ್ತೆ. ಪಿ0733ರ ಗುಟ್ಟು ಇಷ್ಟೇ.

ಧಡ್ ಸದ್ದಿಗೆ ಬೇರೆ ಪರೀಕ್ಷೆ. ಬಾನೆಟ್ ತೆಗೆಸಿ, ಅವರು ಪಕ್ಕಕ್ಕೆ ನಿಂತರು. “ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿ ಒತ್ಕೊಳ್ಳಿ. ಡಿ ಹಾಕಿ, ಆರ್ ಹಾಕಿ.” ಎಂಜಿನ್ ಕಪ್ಪೆ ಥರ ಕುಪ್ಪಳಿಸ್ತು. ಎಂಜಿನನ್ನು ಹಿಡಿದಿಡೋ ಮೌಂಟಿಂಗ್ ರಬ್ಬರ್ ಹರಿದಿತ್ತು. ಇದನ್ನು ಯಾವ ಸ್ಕ್ಯಾನರೂ ಹೇಳಲ್ಲ, ಅಲ್ವಾ?

ಸೀಲ್, ಮೌಂಟಿಂಗ್ ಹೊಸದು ಹಾಕಿಸಿದೆ. ಮೆಷಿನ್ ಹಚ್ಚಿ ಹಳೇ ಆಯಿಲೆಲ್ಲ ತಳ್ಳಿ ತೆಗೆಯೋ ಫ್ಲಶ್ ಬೇಡ ಅಂದೆ, ಬರೀ ಡ್ರೈನ್ ಮಾಡಿಸಿ ಹೊಸ ಆಯಿಲ್ ಹಾಕಿಸಿದೆ. ಒಟ್ಟು 6 ಲೀಟರ್ ಹಿಡಿಯೋ ಗೇರ್‌ಬಾಕ್ಸಿನಲ್ಲಿ ಒಂದು ಸಲಕ್ಕೆ ಬದಲಾಗೋದು 3 ಲೀಟರ್. ಉಳಿದದ್ದು ಹೆಚ್ಚಾಗಿ ಕನ್ವರ್ಟರ್ ಒಳಗೇ ಕೂತಿರುತ್ತೆ. ಎರಡು ಸಲ ಮಾಡಿದರೆ ಮುಕ್ಕಾಲು ಭಾಗ ಹೊಸದು. ಎಲ್ಲಾ ಸೇರಿ 11,000 ಆಯ್ತು.

ನಿಮ್ಮದು ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಮೋಟರ್ ಬದಲಿಸೋ ಬಗೆ) ಆದರೆ ಈ ಆಯಿಲ್ ಕತೆ ಹೊಂದಲ್ಲ. ಅದು ಗೇರ್ ಬದಲಿಸುವಾಗ ತಲೆ ಆಡಿಸೋದು ಹುಟ್ಟುಗುಣ. ಡಿಪ್‌ಸ್ಟಿಕ್ಕೇ ಇಲ್ಲದ ಹೊಸ ಕಾರುಗಳಿಗೆ ಲಿಫ್ಟ್ ಮೇಲೆ ಏರಿಸಿ, ಹೇಳಿದ ಬಿಸಿಯಲ್ಲಿ ಪ್ಲಗ್ ತೆಗೆದು ಲೆವೆಲ್ ನೋಡಬೇಕು. ಆ ಬಿಸಿ ಎಷ್ಟಿದೆ ಅಂತ ಓದೋಕೆ ಸಾಮಾನ್ಯವಾಗಿ ಸ್ಕ್ಯಾನರ್ ಬೇಕು.

ಈಗ ಧಡ್ ಇಲ್ಲ. ಬೆಳಗ್ಗೆ ತಣ್ಣಗಿರುವಾಗ ಮಾತ್ರ 3ಕ್ಕೆ ಬೀಳೋದು ಚೂರು ತಡ. ಇನ್ನೊಂದು ಸಲ ಡ್ರೈನ್ ಮಾಡೋಣವಾ ಅಂತ ಮೇಸ್ತ್ರಿಯನ್ನು ಕೇಳಿದೆ. “ಸಾವಿರ ಕಿಲೋಮೀಟರ್ ಓಡಿಸ್ಕೊಂಡು ಬನ್ನಿ ಸಾರ್” ಅಂದಿದ್ದಾರೆ.