ಬಾಲ್ಸಾ ಮರದ ತರಬೇತಿ ವಿಮಾನದ ಕಿಟ್: ವರ್ಷ ದಾಟಿದ ಬಳಕೆಯ ನಂತರ

ರೆಕ್ಕೆಯನ್ನು ಒಡಲಿನ ಮೇಲ್ಭಾಗದಲ್ಲಿ ಹೊತ್ತ, ರೆಕ್ಕೆಯ ತುದಿಯಿಂದ ತುದಿಗೆ 1500 ಮಿ.ಮೀ. ಇರುವ ಈ ರೇಡಿಯೋ ನಿಯಂತ್ರಿತ ಮಾದರಿ ವಿಮಾನವನ್ನು ಜೋಡಿಸಿ, ವರ್ಷಕ್ಕೂ ಹೆಚ್ಚು ಕಾಲ ಹಾರಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲ ಹಾರಾಟದ ಉತ್ಸಾಹದಲ್ಲಿ ಎಲ್ಲ ವಿಮಾನಗಳೂ ಚೆನ್ನಾಗಿಯೇ ಕಾಣುತ್ತವೆ. ಕಿಟ್‌ನ ನಿಜವಾದ ಗುಣ ತಿಳಿಯುವುದು ದುರಸ್ತಿಗಳು ಆರಂಭವಾದ ನಂತರ.

ಮರದ ಭಾಗಗಳ ಕತ್ತರಿಕೆ ನಿಖರವಾಗಿದೆ. ರೆಕ್ಕೆಯ ಎರಡು ಅರ್ಧಗಳನ್ನು ಕೂಡಿಸಲು ನಿಧಾನವಾಗಿ ಗಟ್ಟಿಯಾಗುವ 30 ನಿಮಿಷದ ಎಪಾಕ್ಸಿಯನ್ನು ಬಳಸುವುದು ಒಳ್ಳೆಯದು, ಏಕೆಂದರೆ ಅಂಟು ಹಿಡಿಯುವ ಮುನ್ನ ಕೋನವನ್ನು ಸರಿಪಡಿಸಲು ಸಮಯ ಸಿಗುತ್ತದೆ. ಬಾಲದ ಅಡ್ಡ ಫಲಕವನ್ನು ಕೂರಿಸುವಾಗ ಅದರ ಎರಡೂ ತುದಿಗಳಿಂದ ಆಯಾ ಬದಿಯ ರೆಕ್ಕೆಯ ತುದಿಗೆ ಇರುವ ದೂರವನ್ನು ಅಳೆದು ಸಮ ಮಾಡಿಕೊಳ್ಳಬೇಕು. ಕೈಪಿಡಿ ಇದನ್ನು ಒಂದೇ ಚಿತ್ರದಲ್ಲಿ ಮುಗಿಸಿಬಿಟ್ಟಿದೆ. ಚಲಿಸುವ ಫಲಕಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳನ್ನು, ರೇಡಿಯೋ ಸಂಕೇತ ಹಿಡಿಯುವ ರಿಸೀವರ್‌ಗೆ ಜೋಡಿಸಿ, ನಡುಸ್ಥಾನಕ್ಕೆ ತಂದ ಮೇಲೆಯೇ ಅವುಗಳ ತೋಳುಗಳನ್ನು ಬಿಗಿಯಬೇಕೆಂಬ ಸೂಚನೆಯೂ ಅದರಲ್ಲಿಲ್ಲ.

ಸಮತೋಲನದ ವಿಷಯದಲ್ಲಿ ಈ ಕಿಟ್ ನನಗೆ ಬಹಳ ಹಿಡಿಸಿತು. ರೆಕ್ಕೆಯ ಮುಂದಿನ ಅಂಚಿನಿಂದ 65 ಮಿ.ಮೀ. ಹಿಂದೆ ಗುರುತ್ವ ಕೇಂದ್ರವಿರಬೇಕೆಂದು ಕೈಪಿಡಿ ಹೇಳುತ್ತದೆ. ರೆಕ್ಕೆಯ ಅಗಲ 230 ಮಿ.ಮೀ. ಇರುವುದರಿಂದ ಇದು ಸುಮಾರು ಶೇ. 28ರಷ್ಟಾಗುತ್ತದೆ, ತರಬೇತಿ ವಿಮಾನಗಳಿಗೆ ಸಾಮಾನ್ಯವಾಗಿ ಒಪ್ಪುವ ಶೇ. 25ರಿಂದ 33ರ ಮಿತಿಯೊಳಗೇ ಇದೆ. ಆ ಗುರುತಿನಲ್ಲಿ ರೆಕ್ಕೆಯ ಕೆಳಗೆ ಎರಡೂ ಬದಿ ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ, ಇಲ್ಲವೇ ಮೂತಿಯನ್ನು ತುಸು ಕೆಳಗೆ ಮಾಡಿ ನಿಲ್ಲಬೇಕು. ಬ್ಯಾಟರಿಯೂ ಸೇರಿದಂತೆ ಹಾರಾಟದಲ್ಲಿ ಇರುವುದೆಲ್ಲವೂ ಆಗ ಒಳಗಿರಬೇಕು. ಬ್ಯಾಟರಿಯ ಕೋಣೆ ಉದ್ದವಾಗಿರುವುದರಿಂದ ಮೂತಿಗೆ ಸೀಸ ತುಂಬುವ ಅಗತ್ಯ ಬೀಳಲಿಲ್ಲ: 1400 ಗ್ರಾಂ ತೂಗುವ ವಿಮಾನದಲ್ಲಿ 180 ಗ್ರಾಂನ ಬ್ಯಾಟರಿಯನ್ನು 20 ಮಿ.ಮೀ. ಸರಿಸಿದರೆ ಕೇಂದ್ರವೂ ಸುಮಾರು 2.5 ಮಿ.ಮೀ. ಸರಿಯುತ್ತದೆ. ಎಡ-ಬಲದ ಸಮತೋಲನದ ಬಗ್ಗೆ ಕೈಪಿಡಿ ಮೌನವಾಗಿದೆ. ಮೋಟಾರಿನ ದಂಡ ಮತ್ತು ಬಾಲದ ತುದಿಯನ್ನಷ್ಟೇ ಹಿಡಿದು ಎತ್ತಿದಾಗ ಪದೇ ಪದೇ ಒಂದೇ ರೆಕ್ಕೆ ಇಳಿದರೆ, ಎದುರು ರೆಕ್ಕೆಯ ತುದಿಗೆ ಕೆಲವು ಗ್ರಾಂ ತೂಕ ಅಂಟಿಸಬೇಕಾಗುತ್ತದೆ.

ಮೇಜಿನ ಮೇಲಿನ ಲೆಕ್ಕವನ್ನು ಆಕಾಶದಲ್ಲೂ ಪರೀಕ್ಷಿಸಬಹುದು. ಸಾಕಷ್ಟು ಎತ್ತರದಲ್ಲಿ ಕಡ್ಡಿ ಮುಟ್ಟದೆಯೇ ಮಟ್ಟವಾಗಿ ಹಾರುವಂತೆ ಹೊಂದಿಸಿ (ಟ್ರಿಮ್ ಮಾಡಿ), ಮೋಟಾರಿನ ವೇಗ ತಗ್ಗಿಸಿ, ಸುಮಾರು 45 ಡಿಗ್ರಿಯಲ್ಲಿ ಕೆಳಮುಖವಾಗಿಸಿ ಮೂತಿಯನ್ನು ಏರಿಳಿಸುವ ಬಾಲದ ಫಲಕದ, ಅಂದರೆ ಎಲಿವೇಟರ್ ಕಡ್ಡಿಯನ್ನು ನಡುವಿಗೆ ಬಿಟ್ಟರೆ, ವಿಮಾನ ತಾನಾಗಿಯೇ ನಿಧಾನಕ್ಕೆ ಮೇಲೇಳಬೇಕು. ರಭಸದಿಂದ ಎದ್ದರೆ ಮೂತಿ ಭಾರ. ಇನ್ನಷ್ಟು ಕಡಿದಾಗಿ ಇಳಿಯತೊಡಗಿದರೆ ಬಾಲ ಭಾರ. ಎರಡನೆಯದು ಹೆಚ್ಚು ಅಪಾಯಕಾರಿ, ಹಾಗಾಗಿ ಅನುಮಾನವಿದ್ದಾಗ ಮೂತಿಯ ಕಡೆಗೇ ವಾಲುವುದು ಕ್ಷೇಮ.

ದೋಷಗಳು ಕಾಲಕ್ರಮದಲ್ಲಿ ಗೋಚರಿಸಿದವು. ಚಕ್ರಗಳ ತಂತಿಯನ್ನು ಹಿಡಿದಿರುವ ಪ್ಲೈವುಡ್ ತುಂಡು ತೀರ ತೆಳುವಾಗಿದ್ದು, ಕೆಲವು ಗಟ್ಟಿ ಇಳಿತಗಳ ನಂತರ ಅಂಟು ಬಿಟ್ಟಿತು. ಬಿಸಿಲಿಗೆ ಸಡಿಲಗೊಳ್ಳುವ ಹೊದಿಕೆಯ ಫಿಲ್ಮ್ ಅನ್ನು ಆಗಾಗ ಇಸ್ತ್ರಿಯಿಂದ ಬಿಗಿಗೊಳಿಸಬೇಕಾಗುತ್ತದೆ. ಬಾಲದ ಬುಡವೂ ದುರ್ಬಲವಾಗಿದೆ, ಅಲ್ಲಿನ ಪ್ರತಿ ದುರಸ್ತಿಯೂ ಸಮತೋಲನಕ್ಕೆ ದುಬಾರಿ: ಗುರುತ್ವ ಕೇಂದ್ರದಿಂದ 700 ಮಿ.ಮೀ. ಹಿಂದೆ 10 ಗ್ರಾಂ ಅಂಟು ಮತ್ತು ಮರ ಸೇರಿದರೆ, 280 ಮಿ.ಮೀ. ಮುಂದಿರುವ ಮೋಟಾರಿನ ಬಳಿ 25 ಗ್ರಾಂ ಸೇರಿಸಬೇಕಾಗುತ್ತದೆ. ನನ್ನ ವಿಮಾನದಲ್ಲಿ ಬ್ಯಾಟರಿ ಈಗ ಕೋಣೆಯ ಮುಂದಿನ ಗೋಡೆಗೆ ತಾಗಿಯೇ ಕೂರುತ್ತಿದೆ. ಹೀಗಾಗಿ ಹೊಸದಾಗಿ ಕೊಳ್ಳುವವರು ಬಾಲವನ್ನು ಅಂಟಿಸುವ ಮುನ್ನವೇ ಅದರ ಬುಡಕ್ಕೆ ಎರಡೂ ಬದಿ ಹಗುರವಾದ ಬಾಲ್ಸಾ ಪಟ್ಟಿಯನ್ನು ಕೂರಿಸಿಕೊಳ್ಳಲಿ. ಅದಕ್ಕೆ ಬೀಳುವ ತೂಕ ಎರಡು ಮೂರು ಗ್ರಾಂ ಮಾತ್ರ.