ಹೋಗೋ ಹೊತ್ತಿಗೇ ಹೋಗಿ ನೋಡಿ: ಕುವೆಂಪುನಗರದ ಒಂದು ಜಿಮ್

ಮೈಸೂರಿನ ಕುವೆಂಪುನಗರದಲ್ಲಿ, ಕಾಂಪ್ಲೆಕ್ಸೊಂದರ ಎರಡನೇ ಮಹಡಿಯಲ್ಲಿರೋ ಜಿಮ್ ಇದು. ಕೆಲವು ವರ್ಷಗಳಿಂದ ಹೋಗ್ತಿದ್ದೀನಿ, ಈಗಲೂ ಬಿಟ್ಟಿಲ್ಲ. ಐದಕ್ಕೆ ಮೂರೂವರೆ ಕೊಡ್ತೀನಿ.

ಬೆಳಿಗ್ಗೆ ಹನ್ನೊಂದಕ್ಕೆ ಯಾವ ಜಿಮ್ಮಾದ್ರೂ ಚೆನ್ನಾಗೇ ಕಾಣುತ್ತೆ. 'ಬಂದು ನೋಡಿ ಸಾರ್' ಅಂತ ಕರೆಯೋದೂ ಆ ಹೊತ್ತಿಗೇ. ನೀವು ಆಫೀಸು ಮುಗಿಸಿ ಹೋಗೋರಾದ್ರೆ ಸಂಜೆ ಏಳಕ್ಕೇ ಹೋಗಿ ನೋಡಿ. ಇಲ್ಲಿ 12.5 ಕಿಲೋ ಡಂಬೆಲ್ ಇರೋದು ಒಂದೇ ಜೊತೆ. ಸಂಜೆ ಅದಕ್ಕೆ ಮೂವರು ಕಾಯ್ತಿರ್ತಾರೆ. ಬೆಂಚಿನ ಮೇಲೆ ಟವೆಲ್ ಹಾಸಿ ಯಾರೋ ಫೋನಲ್ಲಿ ಸೈಟು ವ್ಯವಹಾರ ಮಾತಾಡ್ತಿರ್ತಾರೆ. ಬೆಳಿಗ್ಗೆ ಐದೂವರೆಗೆ ಬರೋರಿಗೆ ಈ ಯಾವ ಗೋಳೂ ಇಲ್ಲ. ಫೀಸು ಮಾತ್ರ ಇಬ್ಬರಿಗೂ ಒಂದೇ!

ಲ್ಯಾಟ್ ಪುಲ್‌ಡೌನ್, ಅಂದ್ರೆ ಮೇಲಿನ ಸಲಾಕೆಯನ್ನ ಕೆಳಗೆಳೆಯೋ ಯಂತ್ರ, ಅದರ ಕೇಬಲ್ಲಿನ ಕರಿ ಪ್ಲಾಸ್ಟಿಕ್ಕು ರಾಟೆಗೆ ತಾಗೋ ಜಾಗದಲ್ಲಿ ಸುಲಿದು, ಒಳಗಿನ ಉಕ್ಕಿನ ಎಳೆ ಕಾಣ್ತಿತ್ತು. ಹೇಳಿದ್ದಕ್ಕೆ 'ಪಾರ್ಟ್ ಬರ್ಬೇಕು ಸಾರ್' ಅಂದ್ರು. ಬಂತು, ದಸರಾ ಮುಗಿದ ಮೇಲೆ. ಸೇರೋ ಮುಂಚೆ ಎಲ್ಲ ಕೇಬಲ್ಲಿನ ಮೇಲೂ ಒಮ್ಮೆ ಕಣ್ಣಾಡಿಸಿ, ಎಸಿ ಆಮೇಲೆ ನೋಡಿದ್ರಾಯ್ತು.

ವರ್ಷದ ಪ್ಯಾಕೇಜು ಅಗ್ಗ ಅನ್ನೋದು ಹನ್ನೆರಡೂ ತಿಂಗಳು ತಪ್ಪದೆ ಹೋಗೋರ ಲೆಕ್ಕ. ದಸರಾಕ್ಕೆ ಮನೆ ತುಂಬ ನೆಂಟರು, ಅರ್ಧ ರಸ್ತೆ ಬಂದ್, ಆಷಾಢ ಶುಕ್ರವಾರ ಬೆಟ್ಟ, ಆಮೇಲೆ ಮದುವೆಗಳು. ಅದಕ್ಕೇ ಫ್ರೀಜ್ ನಿಯಮ, ಅಂದ್ರೆ ಬರದ ದಿನಗಳಿಗೆ ಪ್ಯಾಕೇಜು ನಿಲ್ಲಿಸಿಡೋ ನಿಯಮ, ಕೇಳ್ಬೇಕು. ಇಲ್ಲಿ ಬಾಯಲ್ಲಿ 'ಯಾವಾಗ ಬೇಕಾದ್ರೂ' ಅಂತಾರೆ, ರಸೀದಿ ಹಿಂದೆ ಕನಿಷ್ಠ ಹದಿನೈದು ದಿನ, ಅದೂ ಮೊದಲೇ ಬರೆದುಕೊಟ್ರೆ ಅಂತಿದೆ. 'ಹಣ ವಾಪಸಿಲ್ಲ' ಅಂತಲೂ ಅಚ್ಚು ಹಾಕಿದ್ದಾರೆ. ಅಷ್ಟಕ್ಕೇ ಹೆದರಬೇಕಿಲ್ಲ; ಸೇವೆ ಸರಿಯಿಲ್ಲದಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು, ಸಹಾಯವಾಣಿ 1915.

ಇನ್ನೊಂದು ತಕರಾರು ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳೀತು. ನನ್ನ ಬಿಲ್ಲಿನ ಒಟ್ಟು ಮೊತ್ತ ಇಳೀಲಿಲ್ಲ. ಕೇಳಿದ್ರೆ, ಇನ್‌ಪುಟ್ ಕ್ರೆಡಿಟ್ (ಜಿಮ್ಮಿನವರು ತಮ್ಮ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನ ತಾವು ಸರ್ಕಾರಕ್ಕೆ ಕಟ್ಟೋದ್ರಲ್ಲಿ ಮುರಿದುಕೊಳ್ಳೋದು) ಸಿಗಲ್ಲ ಅಂದ್ರು. ಸಿಗಲ್ಲ ಅನ್ನೋದು ನಿಜವೇ, ಆದ್ರೆ ಹದಿಮೂರು ಪರ್ಸೆಂಟೂ ಅದರಲ್ಲೇ ಕರಗಿ ಹೋಯ್ತು ಅಂದ್ರೆ ನಾನು ನಂಬಲ್ಲ. ಬಿಲ್ಲಲ್ಲಿ ಮೂಲ ದರ, ತೆರಿಗೆ ಬೇರೆ ಬೇರೆ ಬರೆಸ್ಕೊಳ್ಳಿ.

ಹಾಗಾದ್ರೆ ಯಾಕೆ ಬಿಟ್ಟಿಲ್ಲ? ಸಂಜೆಯ ಟ್ರೈನರ್. ಗರಡಿಯಲ್ಲಿ ಪಳಗಿದ ಆಸಾಮಿ. ಸ್ಕ್ವಾಟ್ ಹೊಡೆಯೋವಾಗ ಹಿಮ್ಮಡಿ ಒಂಚೂರು ಎದ್ರೂ ಆ ಮೂಲೆಯಿಂದಲೇ 'ತೂಕ ಇಳ್ಸಿ ಸಾರ್' ಅಂತ ಕೂಗ್ತಾರೆ. ಪರ್ಸನಲ್ ಟ್ರೈನಿಂಗ್ ತಗೊಳ್ಳಿ, ಪ್ರೋಟೀನ್ ಡಬ್ಬ ತಗೊಳ್ಳಿ ಅಂತ ಪೀಡಿಸೋದು ಕೌಂಟರಿನವರು ಮಾತ್ರ.

ಬರೀ ನಡೆಯೋದಕ್ಕೆ ಟ್ರೆಡ್‌ಮಿಲ್ ಬೇಕಾಗಿಲ್ಲ, ಕುಕ್ಕರಹಳ್ಳಿ ಕೆರೆ ಏರಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಎರಡು ದಿನವಾದ್ರೂ ಸ್ನಾಯು ಬಲದ ವ್ಯಾಯಾಮ. ನಡಿಗೆ ಹೊರಗೇ ಆಗೋದಾದ್ರೆ, ದಿನ ಬಿಟ್ಟು ದಿನದ ಪ್ಯಾಕೇಜು ಇದೆಯಾ ಕೇಳಿ. ಇಲ್ಲಿ ಇದೆ, ಬೋರ್ಡಿನ ಮೇಲೆ ಮಾತ್ರ ಬರೆದಿಲ್ಲ.

ಬೈಕಿಗೆ ಜಾಗ ಉಂಟು, ಕಾರಿಗಿಲ್ಲ. ಈ ಸಲ ಮೂರು ತಿಂಗಳಿಗಷ್ಟೇ ಕಟ್ಟಿದ್ದೀನಿ. ಆ ಟ್ರೈನರ್ ಬೇರೆ ಕಡೆ ಹೋದ್ರೆ ನಾನೂ ಹಿಂದೇನೇ ಹೋಗ್ತೀನಿ.